ನಮ್ಮ ತಗಡು ಗಾಡಿಯ ಕುಲಗೋತ್ರ

ಹೊಸ ಕಾರು ಬಿಸಿಲಲ್ಲಿ ಬೇಯುತ್ತಿದೆ, ಹಳೇ ತಗಡು ನೆರಳಲ್ಲಿ ಮಲಗಿದೆ. ಇದು ನನ್ನ ಮಗ ಭಾನುಪ್ರಕಾಶ ಯುಗಾದಿಯಿಂದ ದಿನಕ್ಕೆರಡು ಹೊತ್ತು ಪಠಿಸುತ್ತಿದ್ದ ಸ್ತೋತ್ರ. ಕಾರು ಅವನದು, ಪಿಲ್ಲಗುಂಪೆಯ ಕಾರ್ಖಾನೆಗೆ ಅದರಲ್ಲೇ ಹೋಗಿಬರುತ್ತಾನೆ. ತಗಡು ನನ್ನದು, ಅಂದರೆ ತೀರಿಕೊಂಡ ನಮ್ಮ ಯಜಮಾನರದು. ಜಡಿಗೇನಹಳ್ಳಿಯ ನಮ್ಮ ಮನೆಯ ಅಂಗಳದಲ್ಲಿ ಇರುವುದು ಒಂದೇ ಶೆಡ್ಡು. ಅದರಡಿ ಎಂಟು ವರ್ಷದಿಂದ ಪಟ್ಟದ ರಾಣಿಯ ಹಾಗೆ ವಿರಾಜಮಾನವಾಗಿರುವುದು ಆ ಗಾಡಿ.

ಗಾಡಿ ಎಂದರೆ ಲಾರಿಯಲ್ಲ, ಜೀಪಲ್ಲ, ಟೆಂಪೋ ಕೂಡ ಅಲ್ಲ. ಮೈಯಲ್ಲಿ ಎಲ್ಲೂ ಒಂದು ಡೊಂಕಿಲ್ಲ. ಮೂತಿ ಚಪ್ಪಟೆ, ಬಾಗಿಲಿನ ಜಾಗದಲ್ಲಿ ಒಂದು ಸರಪಳಿ, ಹಿಂದೆ ಸಾಮಾನು ತುಂಬುವ ತೊಟ್ಟಿ. ಬೀರುವನ್ನು ಅಂಗಾತ ಮಲಗಿಸಿ ನಾಲ್ಕು ಚಕ್ರ ಕಟ್ಟಿದರೆ ಹೇಗೋ ಹಾಗೆ. ಮುಂದಿನ ಗಾಜು ಮೂರು ಸಲ ಒಡೆದಿತ್ತು. ಮೂರು ಸಲವೂ ಯಜಮಾನರು ಹೊಸಕೋಟೆಯಲ್ಲಿ ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿಯಿಂದ ಗಾಜು ಕೊಯ್ಯಿಸಿ ತಂದು ಕೂರಿಸಿದ್ದರು. (ದೇವರಿಗೇ ಆಗುವ ಗಾಜು ಗಾಡಿಗೆ ಯಾಕಾಗದು?) ಯಾವುದೋ ಬೀಜದ ಫಾರಂ ಮುಚ್ಚಿದಾಗ ಹರಾಜಿನಲ್ಲಿ ಕೊಂಡದ್ದು, ಭಾನುವಿಗೆ ಆಗ ಹನ್ನೊಂದು ತಿಂಗಳು. ಯಾವ ಕಂಪನಿಯದೆಂದು ಮಾರಿದವರಿಗೂ ಗೊತ್ತಿರಲಿಲ್ಲ. ಯಾರಾದರೂ ಕೇಳಿದರೆ ಯಜಮಾನರು ಮೀಸೆ ತಿರುವಿ, "ಫಾರಿನ್ದು" ಎಂದಷ್ಟೇ ಹೇಳುತ್ತಿದ್ದರು.

ಒಂದು ಗುರುವಾರ ಭಾನು ಊಟಕ್ಕೆ ಕೂತವನು ಮುದ್ದೆ ಮುರಿಯುತ್ತಾ ಅಂದ:

"ಅಮ್ಮ, ಸೋಮವಾರ ಗುಜರಿಯೋರು ಬರ್ತಾರೆ."

"ಬಂದು?"

"ಎತ್ತಾಕ್ಕೊಂಡು ಹೋಗ್ತಾರೆ."

"ಯಾರ್ನ? ನನ್ನನ್ನೋ, ಗಾಡೀನೋ?"

"ಅಯ್ಯೋ ಅಮ್ಮ! ಅದರಿಂದ ನಿಂಗೇನ್ ಉಪಯೋಗ ಹೇಳು ನೋಡೋಣ."

ನಾನು ಲೆಕ್ಕ ತಪ್ಪದೆ ಹೇಳಿದೆ. "ಹುಣಸೆಹಣ್ಣು ಒಣಗಿಸ್ತೀನಿ. ಕರಿಕೋಳಿ ಕಾವಿಗೆ ಕುಂತೈತೆ. ಸಂಜೆ ಒಂದ್ ಗಳಿಗೆ ಒಳಗೆ ಕೂತ್ಕೋತೀನಿ."

ಮೂರನೆಯದನ್ನು ಹೇಳಬಾರದಿತ್ತು. (ಯಜಮಾನರು ಟೊಮೇಟೊ ತುಂಬಿಕೊಂಡು ಹೋಗುವಾಗ ಎಡಗಡೆ ಸೀಟು ನನ್ನದು. ಆ ಸೀಟು ಈಗಲೂ ಹಾಗೇ ಇದೆ.) ಭಾನು ತಲೆ ತಗ್ಗಿಸಿ ಸಾರು ಸುರಿದುಕೊಂಡ. ಆದರೆ ಗುಜರಿಯವರಿಗೆ ಬೇಡವೆನ್ನಲಿಲ್ಲ.

ನನ್ನ ಪರ ವಕಾಲತ್ತಿಗೆ ನಿಂತವಳು ಸೊಸೆ ಪವಿತ್ರ. "ಹಳೇ ಗಾಡಿಗಳ ಗುರುತು ಹಿಡಿಯೋರ ಗುಂಪೊಂದು ಫೋನಲ್ಲಿದೆ ಅತ್ತೆ. ಫೋಟೋ ಹಾಕ್ತೀನಿ ಇರಿ" ಅಂದಳು. ಹಾಕಿದಳು. ಒಬ್ಬ ಐಸ್ ಮಾರುವ ಗಾಡಿ ಅಂದ. ಇನ್ನೊಬ್ಬ ಮಿಲಿಟರಿಯದು ಅಂದ. ಮತ್ತೊಬ್ಬ ಪಾಪಿ, ಮನೆಯಲ್ಲೇ ಬೆಸುಗೆ ಹಾಕಿದ ಡಬ್ಬ ಅಂದ. ಕೊನೆಗೆ ಬೆಂಗಳೂರಿನ ಉಮಾಶಂಕರ್ ಎಂಬವರು, "ಭಾನುವಾರ ಬರ್ತೀನಿ, ಅಲ್ಲೀವರೆಗೆ ದಯವಿಟ್ಟು ಮಾರ್ಬೇಡಿ" ಎಂದು ಬರೆದರು.

ಭಾನು ಷರತ್ತು ಹಾಕಿದ. "ಇದು ಇಂಥಾದ್ದೇ ಗಾಡಿ ಅಂತ ಅವರು ಆಧಾರ ಸಮೇತ ಹೇಳಿದ್ರೆ ಇಟ್ಕೊಳ್ಳೋಣ. ಇಲ್ದಿದ್ರೆ ಸೋಮವಾರ ಗುಜರಿಗೆ. ಆಮೇಲೆ ಮುಖ ಊದಿಸ್ಕೋಬಾರ್ದು."

"ಆಗ್ಲಪ್ಪಾ" ಅಂದೆ. ಮುಖವನ್ನು ಆಗಲೇ ಊದಿಸಿಕೊಂಡಿದ್ದೆ.

ಉಮಾಶಂಕರ್ ಬಂದರು. ಬಿಳೀ ಪ್ಯಾಂಟು, ಕನ್ನಡಕ. ಕಾಫಿ ಕೂಡ ಕುಡಿಯದೆ ಸೀದಾ ಗಾಡಿಯ ಕೆಳಗೆ ಮಲಗಿಬಿಟ್ಟರು. ಕರಿಕೋಳಿ ಹೌಹಾರಿತು. ಎದ್ದು ಬಂದಾಗ ಪ್ಯಾಂಟು ಕರಿಕೋಳಿಯ ಬಣ್ಣ, ಮುಖ ಮಾತ್ರ ಹುಣ್ಣಿಮೆ.

"ಅಮ್ಮ, ಬಡ ದೇಶಗಳಿಗೆ ಅಂತ್ಲೇ ಇಂಥ ಗಾಡಿ ಮಾಡಿದ್ರು. ಇಂಜಿನ್ನು, ಗೇರು ಫಾರಿನ್ನಿಂದ ಬರೋದು. ಬಾಡಿ ಆಯಾ ಊರಲ್ಲೇ ತಗಡು ಮಡಚಿ ಮಾಡ್ಕೋಬೇಕು. ಅದಕ್ಕೇ ಎಲ್ಲೂ ಡೊಂಕಿಲ್ಲ. ಸುತ್ತಿಗೆ ಹಿಡಿಯೋಕೆ ಬಂದ್ರೆ ಯಾರು ಬೇಕಾದ್ರೂ ರಿಪೇರಿ ಮಾಡ್ಬಹುದು."

"ನಮ್ಮೆಜಮಾನ್ರು ಮಾಡೋರು. ನಾನು ಸ್ಪ್ಯಾನರ್ ಕೊಡ್ತಿದ್ದೆ" ಅಂದೆ.

"ಆದರೆ ಇಂಥವನ್ನ ನಾಲ್ಕೈದು ಕಂಪನಿ ಮಾಡಿದ್ವು, ಎಲ್ಲಾ ನೋಡೋಕೆ ಒಂದೇ ಥರ. ಹೆಸರಿನ ಬಿಲ್ಲೆ ಒಂದು ಇರ್ಬೇಕಲ್ಲ, ಹಿತ್ತಾಳೇದು?"

ಇದೆಯಲ್ಲ! ನಾನು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದು, ಸ್ಟೀರಿಂಗಿನ ಪಕ್ಕದ ಬಿಲ್ಲೆಯನ್ನು ದೇವರ ಪರದೆ ಸರಿಸುವ ಗತ್ತಿನಲ್ಲಿ ತೋರಿಸಿದೆ. ಅವರು ಬಗ್ಗಿದರು. ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದರು.

"ಏನೂ ಇಲ್ವಲ್ಲಮ್ಮ. ನನ್ನ ಮುಖ ಕಾಣ್ತಿದೆ."

"ಕಾಣ್ಲೇಬೇಕು ಸ್ವಾಮಿ. ಉಜ್ಜಿದ್ದು ಯಾರು? ಪ್ರತಿ ಆಯುಧಪೂಜೆಗೂ ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಮೂವತ್ತೆಂಟು ಸಲ. ಸೂತಕ ಅಂತ ಒಂದೇ ಒಂದು ವರ್ಷ ಬಿಟ್ಟಿದ್ದೀನಿ."

"ಅದರ ಮೇಲೆ ಅಕ್ಷರ ಇತ್ತಾ?"

"ಅಕ್ಷರಾನೋ ಏನೋ. ಗೀರುಗೀರು ಇತ್ತು. ಉಜ್ಜಿ ಉಜ್ಜಿ ಸಪಾಟು ಮಾಡ್ದೆ."

ಪವಿತ್ರ ಬಾಯಿಗೆ ಸೆರಗು ಒತ್ತಿಕೊಂಡಳು. ಉಮಾಶಂಕರ್ ಸತ್ತವರ ಮನೆಯಲ್ಲಿ ನಿಂತ ಹಾಗೆ ಕೈ ಕಟ್ಟಿ ನಿಂತರು. ಭಾನು ಗೆದ್ದವನ ಹಾಗೆ ನಗಬಹುದಿತ್ತು, ನಗಲಿಲ್ಲ. "ಹೋಗ್ಲಿ ಬಿಡಮ್ಮ, ನಿಂಗೇನ್ ಗೊತ್ತಿತ್ತು" ಎಂದು ಮೆಲ್ಲಗೆ ಅಂದ. ಅದೇ ನನಗೆ ಹೆಚ್ಚು ಚುಚ್ಚಿತು. ಯಜಮಾನರ ಗಾಡಿಯ ಹೆಸರನ್ನು ಭಕ್ತಿಯಿಂದ ಅಳಿಸಿದವಳು ನಾನೇ ಎಂದಾಯಿತಲ್ಲ.

ಆದರೆ ಮೂವತ್ತೆಂಟು ಸಲ ಉಜ್ಜಿದ ಕೈ ಸುಮ್ಮನಿರುತ್ತದೆಯೇ? ಕಣ್ಣು ಮುಚ್ಚಿದರೆ ಒಂದೊಂದು ಗೀರೂ ಬೆರಳಿಗೆ ತಾಕುತ್ತಿತ್ತು.

"ಪವಿತ್ರ, ರಂಗೋಲಿ ಡಬ್ಬ ತಗೊಂಬಾರವ್ವ."

"ಈಗ್ಯಾಕತ್ತೆ ರಂಗೋಲಿ?"

"ತಾ ಅಂದೆ."

ಸಗಣಿ ಸಾರಿಸಿದ ನೆಲದ ಮೇಲೆ ಕೂತು ಬಿಡಿಸತೊಡಗಿದೆ. ಮೊದಲನೆಯದು ಬಾಗಿಲ ಚೌಕಟ್ಟಿನ ಹಾಗೆ. ಎರಡನೆಯದು ಮೂರು ಹಲ್ಲಿನ ಬಾಚಣಿಗೆ. ಅದರ ಸಂದಿಯಲ್ಲಿ ಕುಂಕುಮ ಕೂತುಬಿಡುತ್ತಿತ್ತು, ಪೊರಕೆ ಕಡ್ಡಿಯಿಂದ ಕೆದಕಬೇಕಿತ್ತು. ಮೂರನೆಯದು ಒರಳು, ಉಜ್ಜಲು ಬಹಳ ಸುಲಭ. ಹೀಗೆ ಏಳು. ಕೆಳಗಿನ ಸಾಲು ಅಂಕಿಗಳು, ಅವು ನನಗೆ ಬರುತ್ತವೆ. ಆರು ಅಂಕಿ, ಕೊನೆಯದು ಅರ್ಧ ಸವೆದ ಒಂಬತ್ತು.

ಉಮಾಶಂಕರ್ ಬಗ್ಗಿ ಓದಿದರು. ಸೀಟು ಎತ್ತಿ, ಕೆಳಗಿನ ಕಂಬಿಯ ತುಕ್ಕು ಕೆರೆದರು. ಅಲ್ಲಿ ಒತ್ತಿದ್ದ ಅಂಕಿಗಳು ಹೊರಬಂದವು. ಆರಕ್ಕೆ ಆರೂ ನನ್ನ ರಂಗೋಲಿಯವೇ.

"ಅಂಕಿ ಸರಿ ಅಂದ್ಮೇಲೆ ಹೆಸರೂ ಸರೀನೇ!" ಎಂದು ಅವರು ಕೂಗಿದ ಕೂಗಿಗೆ ಕರಿಕೋಳಿ ಮೊಟ್ಟೆ ಬಿಟ್ಟು ಓಡಿತು. ಗಾಡಿಯ ಹೆಸರನ್ನೂ ಹೇಳಿದರು. ಅದು ನನ್ನ ನಾಲಿಗೆಗೆ ಹೊರಳದು. ತಪ್ಪಾಗಿ ಬರೆಯುವುದಕ್ಕಿಂತ ಬರೆಯದಿರುವುದು ಲೇಸು. ಇಂಥದ್ದು ಈ ಸೀಮೆಯಲ್ಲಿ ಇನ್ನೊಂದನ್ನು ಅವರು ಕಂಡಿಲ್ಲವಂತೆ. ಭಾನು ಆಗಲೇ ಗುಜರಿಯವರಿಗೆ ಫೋನು ಮಾಡಿ ಬರಬೇಡಿರೆಂದ. ನಾನು ಅಂದು ಪಾಯಸ ಮಾಡಿದೆ.

ಹೊರಡುವಾಗ ಉಮಾಶಂಕರ್ ಭಾನುವನ್ನು ಬದಿಗೆ ಕರೆದು ಬಹಳ ಹೊತ್ತು ಏನೋ ಉಪದೇಶಿಸಿದರು. ಅದರ ಫಲ ಮುಂದಿನ ವಾರ ಕಂಡಿತು. ಕರಿಕೋಳಿಗೆ ಬೇರೆ ಬುಟ್ಟಿ ಬಂತು. ಹುಣಸೆಹಣ್ಣು ಮಾಳಿಗೆಗೆ ಹೋಯಿತು. ಗಾಡಿಯ ಸುತ್ತ ಮೊಣಕಾಲೆತ್ತರದ ಹಗ್ಗ ಬಂತು, ಹಗ್ಗಕ್ಕೆ ಒಂದು ಬೋರ್ಡು. ನಾನು ಓದಿದ್ದು ಎರಡನೇ ಕ್ಲಾಸು. ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಮು, ಟ್ಟ, ಬೇ, ಡಿ.

"ಲೋ ಭಾನು, ಊರಲ್ಲಿ ಇದನ್ನ ಯಾರಪ್ಪ ಮುಟ್ತಾರೆ? ಯಾರಿಗೋ ಈ ಬೋರ್ಡು?"

ಭಾನು ಹಗ್ಗ ಬಿಗಿಯುತ್ತಾ ನನ್ನ ಕಡೆ ನೋಡದೆ ಹೇಳಿದ: "ಉಮಾಶಂಕರ್ ಇಂಗ್ಲಿಷಲ್ಲೇ ಕಳಿಸ್ತೀನಿ ಅಂದ್ರು ಕಣಮ್ಮ. ನೀನು ಓದ್ಬೇಕಲ್ಲ ಅಂತ ನಾನೇ ಕನ್ನಡದಲ್ಲಿ ಬರೆಸ್ದೆ."