ಬಾತುಕೋಳಿ ಜಾಕೆಟ್ಟಿನ ಅಭ್ಯಂಜನ

ಉಂಡೆ ಕೊಬ್ಬರಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಣಗಿದೆಯೋ ಇಲ್ಲವೋ ಹೇಳಬಲ್ಲೆ. ತಿಪಟೂರಿನ ವ್ಯಾಪಾರಸ್ಥರಲ್ಲಿ ನನ್ನ ಕಿವಿಗೆ ಅಷ್ಟು ಮರ್ಯಾದೆಯಿದೆ. ಇಂಥ ದಯಾನಂದನಿಗೆ ಒಂದು ಜಾಕೆಟ್ ಒಗೆಯುವುದು ಯಾವ ಮಹಾ ಕೆಲಸ!

ನಾನೂ ನನ್ನ ಹೆಂಡತಿ ಜೀವಿತಾಳೂ ಕೇದಾರನಾಥಕ್ಕೆ ಹೊರಟಿದ್ದೆವು. ಅಲ್ಲಿಯ ಚಳಿಗೆಂದು ಭಾವಮೈದ ಗಂಗಾಧರ ತನ್ನ ಕೆಂಪು ಜಾಕೆಟ್ ಕೊಟ್ಟಿದ್ದ. ಹಾಕಿಕೊಂಡರೆ ನಾನು ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬಿನಂತೆ ಕಾಣುತ್ತಿದ್ದೆ. ತೂಕ ಮಾತ್ರ ಹಪ್ಪಳದಷ್ಟು. ಕಾಲರಿನ ಸುತ್ತ ಕೊಳೆ ಕೂತಿತ್ತು.

“ಒಳಗೆ ಏನ್ ತುಂಬವ್ರೋ ಏನೋ. ಗಂಗಾಧರನ್ನ ಒಂದ್ಮಾತು ಕೇಳ್ರಿ,” ಎಂದಳು ಜೀವಿತಾ.

“ಹತ್ತಿ ಕಣೇ. ಇನ್ನೇನು, ಬಂಗಾರ ತುಂಬ್ತಾರಾ?”

ವಾಷಿಂಗ್ ಮಿಷನ್ನಿನಿಂದ ಹೊರಗೆ ಬಂದದ್ದು ಜಾಕೆಟ್ಟಲ್ಲ, ನೆನೆದ ಗೋಣಿಚೀಲ. ಒಳಗಿದ್ದುದೆಲ್ಲ ಮುದ್ದೆಯಾಗಿ ಮೂಲೆ ಸೇರಿತ್ತು. ಜೊತೆಗೆ, ಮಳೆಯಲ್ಲಿ ತೊಯ್ದ ಹಕ್ಕಿಯನ್ನು ಮನೆಯೊಳಗೆ ತಂದಂಥ ವಾಸನೆ. ಗಂಗಾಧರನಿಗೆ ಫೋನ್ ಮಾಡಿದೆ.

“ಭಾವ, ಅದು ಹತ್ತಿ ಅಲ್ಲ, ಡೌನ್. ಬಾತುಕೋಳಿ ಎದೆ ಮೇಲಿನ ಮೆತ್ತನೆ ಪುಕ್ಕ. ಅದರ ನಡುವೆ ಗಾಳಿ ನಿಂತ್ರೇನೇ ಮೈ ಬೆಚ್ಚಗಿರೋದು. ಈಗ ಗಂಟು ಬಿಡಿಸ್ಬೇಕು ಅಂದ್ರೆ ಡ್ರೈಯರ್‌ಗೆ ಟೆನಿಸ್ ಬಾಲ್ ಹಾಕಿ ತಿರುಗಿಸ್ಬೇಕು.”

ಬಾತುಕೋಳಿ ಎಂದೊಡನೆ ಕೈಯಲ್ಲಿದ್ದ ಜಾಕೆಟ್ಟನ್ನು ಕೆಳಗೆ ಬಿಟ್ಟೆ. ನಮ್ಮದು ಮೊಟ್ಟೆಯ ಹೆಸರನ್ನೂ ಮೆಲ್ಲಗೆ ಹೇಳುವ ಮನೆ. ಅದರ ಮೇಲೆ ಸೋಮವಾರ. ನಮ್ಮನ್ನು ಯಾತ್ರೆಗೆ ಕಳಿಸಿಕೊಡಲು ಹಾಲ್ಕುರಿಕೆಯಿಂದ ನಮ್ಮತ್ತೆ ಶಿವರುದ್ರಮ್ಮನವರು ಸಂಜೆ ಬರುವವರಿದ್ದರು. ಎಲ್ಲಾದರೂ ಕೋಳಿಸಾರಿನ ವಾಸನೆ ಬಂದರೆ ಮೂಗಿಗೆ ಸೆರಗು ಹಿಡಿದು ಬೀದಿಯನ್ನೇ ಬದಲಿಸುವ ಹೆಂಗಸು ಅವರು. ಅವರು ಬರುವುದರೊಳಗೆ ಜಾಕೆಟ್ ಒಣಗಿ, ಮಡಿಸಿ, ಬ್ಯಾಗಿನ ತಳ ಸೇರಬೇಕಿತ್ತು.

ಮನೆಯಲ್ಲಿ ಡ್ರೈಯರ್ ಇರಲಿಲ್ಲ, ಟೆನಿಸ್ ಬಾಲೂ ಇರಲಿಲ್ಲ. ಆದರೆ ಕೊಬ್ಬರಿಗೆ ಬರವೇ? ಚಿಪ್ಪು ಒಡೆಯದ ಗಟ್ಟಿ ಕೊಬ್ಬರಿಗಳನ್ನು ಆರಿಸಿ, ಜಾಕೆಟ್ಟಿನ ಜೊತೆ ಮಿಷನ್ನಿಗೆ ಹಾಕಿ ಗಿರಗಿರನೆ ತಿರುಗಲು ಬಿಟ್ಟೆ. ಮನೆಯೊಳಗೆ ಗುಡುಗು ಶುರುವಾಯಿತು.

“ರೀ, ಮಿಷನ್ನು ನಡ್ಕೊಂಡು ದೇವರಮನೆ ಕಡೆ ಬತ್ತಾ ಐತೆ,” ಎಂದು ಜೀವಿತಾ ಕೂಗಿದಳು.

“ಬರ್ಲಿ ಬುಡು. ಕೆಲ್ಸ ಮಾಡ್ತಾ ಐತೆ ಅಂತ ಅರ್ಥ.”

ಮಿಷನ್ ನಿಂತಾಗ ಅರ್ಧಕ್ಕರ್ಧ ಕೊಬ್ಬರಿಗಳ ಚಿಪ್ಪು ಒಡೆದಿತ್ತು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಜಾಕೆಟ್ಟನ್ನು ತಾರಸಿಯ ಮೇಲೆ ಬಿಸಿಲಿಗೆ ಹರವಿದೆ. ಮಧ್ಯಾಹ್ನದ ಹೊತ್ತಿಗೆ ಅದು ಪೂರಿಯಂತೆ ಉಬ್ಬಿ ನಿಂತಿತು. ನನ್ನ ಎದೆಯೂ ಅಷ್ಟೇ ಉಬ್ಬಿತು. ಜೀವಿತಾಳನ್ನು ಕರೆದು, “ನೋಡು, ಯಾರ ಕೈಗುಣ,” ಎಂದು ಜಾಕೆಟ್ಟಿನ ಎದೆಗೆ ಪಟ್ಟೆಂದು ಹೊಡೆದೆ.

ಚಿಪ್ಪಿನ ಚೂರುಗಳು ಒಳಬಟ್ಟೆಯನ್ನು ಉದ್ದಕ್ಕೂ ಸೀಳಿದ್ದವು. ಬುಸ್ಸೆಂದು ಬಿಳಿಯ ಮೋಡವೊಂದು ಎದ್ದು, ನಮ್ಮಿಬ್ಬರನ್ನೂ ಮುಳುಗಿಸಿ, ಗಾಳಿಯ ಜೊತೆ ಪಕ್ಕದ ತಾರಸಿಗೆ ಹೊರಟಿತು. ಅಲ್ಲಿ ಪಕ್ಕದ ಮನೆಯ ಪುಟ್ಟಗೌರಮ್ಮ ಸಂಡಿಗೆ ಇಡುತ್ತಿದ್ದರು. ಹಸಿ ಸಂಡಿಗೆಗಳಿಗೆಲ್ಲ ಪುಕ್ಕ ಮೂಡಿತು.

“ಇದೇನಪ್ಪಾ ದಯಾನಂದ, ಸೋಮವಾರದ ದಿನ ನಿಮ್ಮನೇಲಿ ಕೋಳಿ ಕುಯ್ದ್ರಾ?”

ಮನೆತನದ ಮಾನ ಉಳಿಸಬೇಕೆಂಬ ಆತುರದಲ್ಲಿ ನಾನು ಇಡೀ ಬೀದಿಗೆ ಕೇಳುವಂತೆ ಕೂಗಿದೆ: “ಕೋಳಿ ಅಲ್ಲ ಕಣಕ್ಕ, ಬಾತುಕೋಳಿ!”

ಹಿಂದೆ ಯಾರೋ ಸೀನಿದರು. ತಿರುಗಿದರೆ ಮೆಟ್ಟಿಲ ಮೇಲೆ ಅತ್ತೆ. ಸಂಜೆ ಬರಬೇಕಾದವರು ಮಧ್ಯಾಹ್ನದ ಬಸ್ಸಿಗೇ ಬಂದಿದ್ದರು. ಹಣೆಯ ವಿಭೂತಿಗೆ ಒಂದು ಪುಕ್ಕ ಅಂಟಿಕೊಂಡಿತ್ತು.

ಜೀವಿತಾ ತಡವರಿಸುತ್ತ ಎಲ್ಲವನ್ನೂ ಹೇಳಿದಳು. ನಾನು ಕೈಮುಗಿದು ನಿಂತೆ.

“ತಪ್ಪಾಯ್ತು ಅತ್ತೆ. ಈ ಮೈಲಿಗೆ ಬಟ್ಟೆ ಹಾಕ್ಕೊಂಡು ನಾನು ಕೇದಾರಕ್ಕೆ ಹೋಗಲ್ಲ.”

ಅತ್ತೆ ಜಾಕೆಟ್ಟನ್ನು ಎತ್ತಿ ಹಿಂದೆ ಮುಂದೆ ನೋಡಿದರು. “ಹೋದ್ ವರ್ಷ ಯಾತ್ರೆಗೆ ಹೋದಾಗ ಗಂಗಾಧರ ನನಗೆ ಹಾಕಿದ್ದು ಇದ್ನೇ ಅಲ್ವೇನೇ? ಬೆಟ್ಟದ ಮೇಲೆ ಚಳಿ ಅನ್ನೋದೇ ಗೊತ್ತಾಗ್ಲಿಲ್ಲ.” ಆಮೇಲೆ ಅವರಿಗೆ ನಗು ಬಂತು, ಎಷ್ಟು ಬಂತೆಂದರೆ ಗೋಡೆ ಹಿಡಿದು ಕೂತುಬಿಟ್ಟರು. ಕೂತಲ್ಲೇ ಪುಕ್ಕಗಳನ್ನು ಬಾಚಿ ಸೆರಗಿಗೆ ತುಂಬತೊಡಗಿದರು.

“ಸೂಜಿ ದಾರ ತಗೊಂಡ್ ಬಾರೇ ಜೀವಿತಾ. ಮೈಲಿಗೆ ಗಿಯ್ಲಿಗೆ ಅನ್ಬೇಡಿ ಅಳಿಯಂದ್ರೇ. ಈ ಬಾತುಕೋಳಿ ಆಗ್ಲೇ ಕೇದಾರ ನೋಡ್ಕೊಂಡು ಬಂದೈತೆ. ನೀವಿನ್ನೂ ತಿಪಟೂರೇ ದಾಟಿಲ್ಲ.”