ಹಿಂದವಾಡಿ ಹುಡುಗ್ರು ಕಾಡಮನಷ್ಯಾರಾಗಲಿಲ್ಲ

ನಾ ಸುಮ್ನ ಕುಂತ್ರೂ ಇಂಥಾ ಕೆಲಸ ನನ್ನ ಮನಿ ಹುಡಕ್ಕೊಂಡ ಬರ್ತಾವ್ರಿ. ಈ ಸಲ ಸಿನಿಮಾದವರ ಜೀಪಿನ್ಯಾಗ ಬಂತು. ಪರದೇಶದ ಕಾದಂಬರಿ ಸಿನಿಮಾ ಆಗೂದಿತ್ತು: ನಡುಗಡ್ಡ್ಯಾಗ ಸಿಕ್ಕೊಂಡ ಹುಡುಗ್ರು, ದೊಡ್ಡವರಿಲ್ದ ಬರ್ತಾ ಬರ್ತಾ ಕಾಡಮನಷ್ಯಾರಾಗ್ತಾರ. ಶೂಟಿಂಗ್ ಖಾನಾಪುರದ ಹೊಳಿ ದಂಡ್ಯಾಗ, ಹುಡುಗ್ರು ನಮ್ಮ ಬೆಳಗಾವಿ ಹಿಂದವಾಡಿಯವ್ರು. ದಿನಾ ಬಸ್ಸಿನ್ಯಾಗ ಅವರನ್ನ ಕರಕೊಂಡ ಹೋಗಿ ಬರಾಕ ಓಣಿ ಅಜ್ಜ ನಾನು. ಡೈರೆಕ್ಟರ್ ನನ್ನ ಕಾಲಿಗೇ ಬಿದ್ದ. ಬಿದ್ದಿಲ್ಲಂದ್ರೂ ಬಗ್ಗಿದ್ದಂತೂ ಖರೇ.

ಹಣ್ಣು

ಹಸದ ಹುಡುಗ್ರು ಒಂದ ಹಣ್ಣಿಗೆ ಬಡದಾಡೋ ಸೀನು.

"ಕಸಗೋರಿ!" ಅಂತ ಡೈರೆಕ್ಟರ್ ಚೀರಿದ.

"ನೀ ಮೊದಲ ತಿನ್ನಲೇ," ಅಂದ ಒಬ್ಬ.

"ಒಲ್ಲ್ಯೋ, ನಂದ ಹೊಟ್ಟಿ ತುಂಬೇತಿ," ಅಂದ ಇನ್ನೊಬ್ಬ.

ಹಣ್ಣು ಎಲ್ಲಾರ ಕೈಯಾಗ ತಿರುಗಿ ಡೈರೆಕ್ಟರ್ ಹಂತೇಕ ಬಂತು. "ನೀವಾ ತಿನ್ರಿ ಕಾಕಾ, ಭಾಳ ಸೊರಗೀರಿ."

ಬಣ್ಣ

ಮಾರಿಗೆ ಹಚ್ಚೋ ಬಿಳಿ ಬಣ್ಣಕ್ಕ ತುರಕಿ ಎದ್ದಿತು. ನಾ ಶಾಣ್ಯಾ, ನನ್ನ ವಿಭೂತಿ ಗಟ್ಟಿ ತೇಯ್ದು ಹಚ್ಚಿದೆ. "ಆ್ಯಕ್ಷನ್!" ಅಂದ್ರು. ಅಷ್ಟೂ ಹುಡುಗ್ರು ಚಕ್ಕಳಮಕ್ಕಳ ಹಾಕಿ ಕಣ್ಣ ಮುಚ್ಚಿದ್ರು.

"ಅಜ್ಜಾ, ಇವರು ಪೂಜಿಗೆ ಕುಂತಾರಲ್ರೀ!" ಅಂದ ಡೈರೆಕ್ಟರ್.

ಒಬ್ಬ ಕಣ್ಣ ತಗೀಲಾರದ ಹೇಳ್ದ: "ವಿಭೂತಿ ಹಚಗೊಂಡ ಬಡದಾಡಿದ್ರ ಅವ್ವ ಬಡೀತಾಳ್ರಿ."

ಹಂದಿ

ಕಡೇ ದಿನ ಡೈರೆಕ್ಟರ್ ತಲಿ ಹಿಡಕೊಂಡ ಕುಂತಿದ್ದ. "ನಾಳಿಂದ ಇವರ ಸಾಲಿ ಚಾಲೂ. ಇವತ್ತ ಕಾಡಹಂದಿ ಮ್ಯಾಲ ಬೀಳಲಿಲ್ಲಂದ್ರ ನನ್ನ ಸಿನಿಮಾ ಮುಗೀತು, ಅಜ್ಜಾ." ಹಂದಿ ಅಲ್ಲಿ ಇರಲಿಲ್ರಿ, ಆಮ್ಯಾಲ ಕಂಪ್ಯೂಟರಿನ್ಯಾಗ ಕೂಡಸಾವ್ರು. ಹುಡುಗ್ರು ಸುಮ್ನ ಹಂದಿ ಐತಿ ಅಂತ ಮೈಮ್ಯಾಲ ಹೋಗಬೇಕು, ಅಷ್ಟ.

ನಾ ಟುವಾಲ ಹೆಗಲಿಗೆ ಹಾಕ್ಕೊಂಡ ಎದ್ದೆ. ಅತ್ತಾಗ ರಸ್ತಾದಾಗ ಬೆಳಗಾವಿ ಬಸ್ಸ ಬರಾಕತ್ತಿತ್ತು.

"ಕ್ಯಾಮೆರಾ ಚಾಲೂ ಇಡ್ರಿ," ಅಂದವನ ಒದರಿದೆ: "ಲೇ, ಬಸ್ಸ ಬಂತು! ತುಂಬಿ ಬಂದೈತಿ!"

ಮುಗೀತ್ರಿ. ವಿಭೂತಿ ಮರತ್ರು, ಅವ್ವನ್ನ ಮರತ್ರು. ಬಡಿಗಿ ಹಿಡಕೊಂಡ ಚೀರಕೋತ ಓಡಿ, ಒಬ್ಬರನ್ನೊಬ್ಬರು ಕೆಡವಿ, ಅಂಗಿ ಹರದು, ಚಪ್ಪಲ್ಲ ಬಸ್ಸಿನ ಕಿಡಕ್ಯಾಗ ಒಗದ್ರು. ಆ ಕೂಗಿಗೆ ಅತ್ತ ಹಲಸಿ ಊರಿನ ಗುಡಿ ಕಳಸ ಅಲಗಾಡಿತು. ನಾ ಒಬ್ಬಾಂವ ಶಾಂತ ನಿಂತ ನೋಡಾಕತ್ತಿದ್ದೆ. ಡೈರೆಕ್ಟರ್ ಖುಷಿಗೆ ಅತ್ತೇಬಿಟ್ಟ.

ಸಿನಿಮಾ ಬೆಳಗಾವಿಗೆ ಬಂದಾಗ ಮನಿಯಾಕಿನ್ನ ಕರಕೊಂಡ ಹೋದೆ. ಬಸ್ಸ ಅಳಿಸಿ ಹಂದಿ ಕೂಡ್ಸಿದ್ರು. ಮಂದಿ ಉಸರ ಹಿಡಕೊಂಡ ಕುಂತಿದ್ರು. ಹಿಂದ ಒಬ್ಬಾಂವ ಪಿಸಗುಟ್ಟಿದ:

"ಹುಡುಗ್ರು ಇರ್ಲಿ, ಎಲ್ಲಾರಗಿಂತ ಮುಂದ ಧೋತರ ಎತ್ತಿ ಓಡೋ ಆ ಮುದಿ ರಾಕ್ಷಸ ಯಾರಪಾ? ಹಂದಿ ಮ್ಯಾಲ ಟುವಾಲ ಯಾಕ ಒಗದ?"

ನಾ ಕುರ್ಚ್ಯಾಗ ಕೆಳಗ ಜಾರಿದೆ. ನಮ್ಮಾಕಿ ಹೊಳ್ಳಿ ನೋಡಿ ಅಂದ್ಲು:

"ನಮ್ಮ ಮನಿಯವರ್ರೀ. ಕಿಡಕಿ ಬಾಜು ಸೀಟ ಹಿಡ್ಯಾಕತ್ತಾರ."