ಸಂಘದ ಸ್ವಂತ ಕಾಫಿಪುಡಿ

ಪರಮಶಿವಯ್ಯನವರ ತಲೆಗೆ ಹೊಸ ಆಲೋಚನೆ ಬಂದಾಗಲೆಲ್ಲ ಅವರ ಹೆಂಡತಿ ಜಯದೇವಮ್ಮನವರ ಬಲಗಣ್ಣು ಅದುರುತ್ತಿತ್ತು. ಹಿತ್ತಿಲಲ್ಲಿ ಜೇನು ಸಾಕೋಣ ಎಂದಾಗ ಅದುರಿತ್ತು (ಆ ಜೇನುಗಳು ಸಾಕಿದವರನ್ನೇ ಮೊದಲು ಗುರುತು ಹಿಡಿದವು). ಬಟ್ಟೆ ಸೋಪನ್ನು ಮನೆಯಲ್ಲೇ ಕಾಸೋಣ ಎಂದಾಗಲೂ ಅದುರಿತ್ತು (ಒಂದು ಪಂಚೆ, ಎರಡು ದಿಂಬಿನ ಚೀಲ ಶಿವೈಕ್ಯವಾದವು). ಆದರೆ ಅವರು ಸಂಘದ ಕಮಿಟಿಯಲ್ಲಿ ಎದ್ದು ನಿಂತು, "ಕಾಫಿಪುಡೀನ ನಾವೇ ಯಾಕೆ ಮಾಡಬಾರದು?" ಎಂದು ಕೇಳಿದ ದಿನ ಮಾತ್ರ ಎರಡು ಕಣ್ಣೂ ಒಟ್ಟಿಗೆ ಅದುರಿದವಂತೆ.

ಜಯನಗರದ ಮೂರನೇ ಬ್ಲಾಕಿನಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದ ಕಾಲ ಅದು. ಸೇರು, ಪಾವು ಹೋಗಿ ಕಿಲೋ, ಗ್ರಾಮು ಬಂದಿದ್ದವು. ಹೊಸ ತಕ್ಕಡಿಯನ್ನು ನಂಬದ ಜನ ಸೇರಿಕೊಂಡು 'ಶ್ರೀ ಸಮೃದ್ಧಿ ಬಳಕೆದಾರರ ಸಹಕಾರ ಸಂಘ' ಅಂತ ಒಂದು ಅಂಗಡಿ ತೆರೆದಿದ್ದರು. ಅದರ ಅಧ್ಯಕ್ಷರು ಬೈರಸಂದ್ರದ ತಿಮ್ಮರಾಯಪ್ಪನವರು. ಈಗ ಬ್ಲಾಕು ಎದ್ದಿರುವ ಜಾಗದಲ್ಲೇ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದವರು. ಈಗ ಬಾಡಿಗೆ ಬೆಳೆಯುತ್ತಿದ್ದರು. ಐದು ಜನ ಡೈರೆಕ್ಟರುಗಳಲ್ಲಿ ನಮ್ಮ ಪರಮಶಿವಯ್ಯನವರೂ ಒಬ್ಬರು.

ಆ ಡೈರೆಕ್ಟರ್‌ಗಿರಿ ಅವರ ಪ್ರಾಣ. ಕಚೇರಿಯಲ್ಲಿ ಅವರು ಎರಡನೇ ದರ್ಜೆ ಗುಮಾಸ್ತರು. ಹತ್ತರಿಂದ ಐದರ ತನಕ ಕಂಡ ಕಂಡವರಿಗೆಲ್ಲ 'ಸಾರ್' ಎನ್ನುವುದೇ ಉದ್ಯೋಗ. ಆದರೆ ಸಂಜೆ ಬಸ್ಸಿಳಿದು ಸಂಘದ ಮೆಟ್ಟಿಲು ಹತ್ತಿದರೋ, "ಬನ್ನಿ ಡೈರೆಕ್ಟರ್ ಸಾರ್" ಎಂದು ಅಂಗಡಿಯವನು ಮುರುಕು ಕುರ್ಚಿಯ ಧೂಳು ಕೊಡವುತ್ತಿದ್ದ. ಆ ಕುರ್ಚಿಯಲ್ಲಿ ಹತ್ತು ನಿಮಿಷ ಕೂತರೆ ಸಾಕು, ಇಡೀ ದಿನದ ಬೈಗುಳವೆಲ್ಲ ಇಳಿದುಹೋಗುತ್ತಿತ್ತು.

ಕಾಫಿಪುಡಿಯ ವಿಷಯ ಹೀಗೆ. ಬ್ಲಾಕಿನ ಎಲ್ಲ ಮನೆಯಲ್ಲೂ ಕುಡಿಯುತ್ತಿದ್ದದ್ದು 'ನಂದಿಶೃಂಗ' ಮಾರ್ಕಿನ ಪುಡಿ. ಹಳದಿ ತಗಡಿನ ಡಬ್ಬಿ, ಮೇಲೆ ಬಸವಣ್ಣನ ಚಿತ್ರ. "ನಾವು ಕುಡೀತಿರೋದು ಕಾಫಿಯಲ್ಲ ಸ್ವಾಮಿ, ಹೆಸರು! ಡಬ್ಬಿ!" ಎಂದು ಪರಮಶಿವಯ್ಯನವರು ಕಮಿಟಿಯಲ್ಲಿ ಮೇಜು ಗುದ್ದಿದರು. ಮೇಜು ಗುದ್ದಿದ ರಭಸಕ್ಕೆ ಠರಾವು ಪಾಸಾಯಿತು. ಅರ್ಧ ಬೀಜ, ಅರ್ಧ ಚಿಕೋರಿ ಬೆರೆಸಿ ಕಾಲು ಕಿಲೋದ ಮುನ್ನೂರು ಪೊಟ್ಟಣ ಕಟ್ಟಿಸಿದ್ದೂ ಆಯಿತು. ಕಂದು ಕಾಗದ, ಅದರ ಮೇಲೆ ನೇರಳೆ ಮೊಹರು: 'ಸಂಘದ ಸ್ವಂತ ಸರಕು'.

ಒಂದು ತಿಂಗಳಲ್ಲಿ ಖರ್ಚಾದದ್ದು ಎರಡು ಪೊಟ್ಟಣ. ಒಂದನ್ನು ಕೊಂಡವರು ಪರಮಶಿವಯ್ಯನವರೇ. ಇನ್ನೊಂದನ್ನು ಇಲಿ ಹೊತ್ತುಕೊಂಡು ಹೋಗಿ, ಬಾಗಿಲ ಹತ್ತಿರ ಬಿಟ್ಟು ಹೋಗಿತ್ತು. ಸದಸ್ಯರು ಸಂಘದಲ್ಲಿ ಅಕ್ಕಿ, ಬೇಳೆ ಕಟ್ಟಿಸಿಕೊಂಡು, ಅದೇ ಚೀಲ ಹಿಡಿದು ಎದುರಿನ ಶೆಟ್ಟರ ಅಂಗಡಿಗೆ ನಂದಿಶೃಂಗಕ್ಕೆ ಹೋಗುತ್ತಿದ್ದರು.

"ನೋಡಿ ಪರಮಶಿವಯ್ಯನೋರೇ," ಎಂದರು ಸೇತುರಾಮಯ್ಯ. ಇವರೂ ಡೈರೆಕ್ಟರೇ, ಪರಮಶಿವಯ್ಯನವರು ಹಗಲು ಎಂದರೆ ರಾತ್ರಿ ಎನ್ನುವುದಕ್ಕೇ ಹುಟ್ಟಿದವರು. "ಮುಂದಿನ ತಿಂಗಳು ಸರ್ವಸದಸ್ಯರ ಸಭೆ. ಅಷ್ಟರೊಳಗೆ ಪುಡಿ ಖಾಲಿಯಾಗಲಿಲ್ಲ ಅಂದ್ರೆ ನೀವು ಕುರ್ಚಿ ಖಾಲಿ ಮಾಡಿ."

ಪರಮಶಿವಯ್ಯನವರು ಇಂಗು ತಿಂದ ಮಂಗನ ಹಾಗೆ ಮನೆಗೆ ಬಂದರು.

"ಜಯಾ, ಮೊದಲು ನಮ್ಮ ಮನೇಲೇ ಸಂಘದ ಪುಡಿ ಶುರುಮಾಡೇ."

"ಮಾಡಿದ್ನಲ್ಲ ಮೊನ್ನೆ. ನೀವೇ ಅರ್ಧ ಕುಡಿದು ಮಿಕ್ಕಿದ್ದನ್ನ ದಾಸವಾಳದ ಗಿಡಕ್ಕೆ ಹಾಕಿದ್ರಿ."

"ಅದು... ಆರಿಹೋಗಿತ್ತು ಕಣೇ."

"ಗಿಡಾನೂ ಆರಿಹೋಗಿದೆ. ಹೋಗಿ ನೋಡಿ."

ಇಂಥ ಹೆಂಡತಿಯನ್ನು ಕಟ್ಟಿಕೊಂಡು ಸಹಕಾರ ಚಳವಳಿ ಮುಂದುವರಿಯುವುದು ಹೇಗೆ! ಪರಮಶಿವಯ್ಯನವರು ಹಾಸಿಗೆಯಲ್ಲಿ ಮೂರು ದಿನ ಹೊರಳಾಡಿದರು. ನಾಲ್ಕನೆಯ ದಿನ ಬೆಳಗ್ಗೆ ಹಲ್ಲುಜ್ಜುತ್ತ, ಬಾಯಲ್ಲಿ ಹಲ್ಲುಪುಡಿ ಇದ್ದ ಹಾಗೇ ಕೂಗಿದರು: "ಸಿಕ್ತು!"

ಜಯದೇವಮ್ಮನವರು ಕಣ್ಣು ಮುಟ್ಟಿ ನೋಡಿಕೊಂಡರು.

"ಭಾನುವಾರ ಸಂಜೆ ಎಲ್ಲರನ್ನೂ ಮನೆಗೆ ಕರೀತೀನಿ. ಎರಡು ಕೂಜ ಕಾಫಿ. ಕೆಂಪು ದಾರ ಕಟ್ಟಿದ್ದರಲ್ಲಿ ನಮ್ಮ ಪುಡಿ, ಹಸಿರು ದಾರ ಕಟ್ಟಿದ್ದರಲ್ಲಿ ನಂದಿಶೃಂಗ. ಯಾವುದು ಯಾವುದು ಅಂತ ನಮ್ಮಿಬ್ಬರಿಗೇ ಗೊತ್ತು. ಕುಡಿದು ಯಾವುದು ಚೆನ್ನಾಗಿದೆ ಅಂತ ಅವರೇ ಹೇಳಲಿ. ಹೆಸರು ಕಾಣಲಿಲ್ಲ ಅಂದ್ರೆ ನಾಲಿಗೆ ನಿಜ ಹೇಳುತ್ತೆ!"

"ನಿಜ ಹೇಳಿಬಿಟ್ರೆ ಏನ್ಮಾಡ್ತೀರಿ?" ಎಂದು ಕೇಳಿದರು ಜಯದೇವಮ್ಮ. ಆದರೆ ಪರಮಶಿವಯ್ಯನವರು ಆಗಲೇ ಬಾಯಿ ಮುಕ್ಕಳಿಸಿ ಭಾಷಣ ಬರೆಯುವುದಕ್ಕೆ ಕೂತಿದ್ದರು.

ಭಾನುವಾರ ನಾಲ್ಕು ಗಂಟೆಗೆ ನಡುಮನೆ ತುಂಬಿತು. ಬಂದವರು ಹತ್ತೊಂಬತ್ತು ಜನ. ಗೋಡೆಗೊರಗಿ ತಿಮ್ಮರಾಯಪ್ಪನವರು, ಅವರ ಪಕ್ಕದಲ್ಲಿ ಸೇತುರಾಮಯ್ಯ. ಹೆಂಗಸರ ಸಾಲಿನ ಮುಂದೆ ಪಕ್ಕದ ಮನೆ ನೀಲಗಂಗಮ್ಮನವರು. ಬ್ಲಾಕಿನಲ್ಲಿ ಯಾವ ಮನೆಯ ಕಾಫಿ ಎಷ್ಟು ನೀರು ಎಂದು ವಾಸನೆಯಲ್ಲೇ ಹೇಳಬಲ್ಲವರು ಅವರು. ಅಡಿಗೆಮನೆಯಲ್ಲಿ ಎರಡು ಹಿತ್ತಾಳೆ ಫಿಲ್ಟರು ತೊಟ್ಟಿಕ್ಕುತ್ತಿದ್ದವು; ಹಾಲಿನ ಮುನಿವೆಂಕಟಮ್ಮನಿಂದ ತಿಂಗಳ ಲೆಕ್ಕದ ವರ್ತನೆಯ ಮೇಲೆ ಮೂರು ಸೇರು ಎಮ್ಮೆ ಹಾಲು ಬಂದಿತ್ತು (ಹಾಲು ಇನ್ನೂ ಲೀಟರಿಗೆ ಬಗ್ಗಿರಲಿಲ್ಲ).

"ಮಹನೀಯರೇ, ಮಹಿಳೆಯರೇ!" ಎಂದು ಪರಮಶಿವಯ್ಯನವರು ಶುರುಮಾಡಿದರು. ನಾಮಧೇಯದ ಮೋಹಪಾಶ, ನಾಲಿಗೆಯ ಸ್ವಾತಂತ್ರ್ಯ ಎಂದೆಲ್ಲ ಇನ್ನೂ ಎರಡು ಪುಟವಿತ್ತು. "ಕಾಫಿ ಆರಿಹೋಗುತ್ತೆ ಕಣಪ್ಪಾ," ಎಂದು ತಿಮ್ಮರಾಯಪ್ಪನವರು ಅದನ್ನು ಅಲ್ಲಿಗೇ ಮುಗಿಸಿದರು.

ಮೊದಲು ಕೆಂಪು ಕೂಜ ಬಂತು. ತಿಮ್ಮರಾಯಪ್ಪನವರು ಒಂದು ಗುಟುಕು ಹೀರಿ ಕಣ್ಣು ಮುಚ್ಚಿದರು.

"ಆಹಾ! ಇದು ಕಾಫಿ ಅಂದ್ರೆ!"

ಆಮೇಲೆ ಹಸಿರು ಕೂಜ ಬಂತು. ತಿಮ್ಮರಾಯಪ್ಪನವರು ಹುಬ್ಬು ಗಂಟಿಕ್ಕಿದರು. "ಊಹೂಂ. ಮೊದಲಿಂದು ಬೇರೆ, ಇದು ಬೇರೆ. ಆ ಗತ್ತು ಇದಕ್ಕಿಲ್ಲ."

"ನಾನೂ ಅದೇ ಅಂದ್ಕೊಂಡೆ," ಎಂದರು ನೀಲಗಂಗಮ್ಮ. "ಹಸಿರಿಂದ್ರಲ್ಲಿ ಎಂಥದೋ ಮುಗ್ಗಲು ವಾಸನೆ ಇದೆ ಕಣ್ರೀ. ಡಬ್ಬೀಲಿ ತುಂಬ ದಿನ ಇಟ್ಟ ಪುಡಿ ಇರಬೇಕು."

ಅಧ್ಯಕ್ಷರೂ ನೀಲಗಂಗಮ್ಮನವರೂ ಹೇಳಿದ ಮೇಲೆ ಬ್ಲಾಕಿನಲ್ಲಿ ಎದುರಾಡುವವರುಂಟೇ? ಹದಿನೆಂಟು ಕೈ ಕೆಂಪಿಗೆ ಎದ್ದವು. ಸೇತುರಾಮಯ್ಯ ಒಬ್ಬರು ಹಸಿರಿಗೆ ಎತ್ತಿದರು, ಅದೂ ಪರಮಶಿವಯ್ಯನವರ ಮುಖದ ಖುಷಿ ನೋಡಿ. ಸ್ವತಃ ಪರಮಶಿವಯ್ಯನವರು ಎರಡೂ ಲೋಟ ಕುಡಿದು, "ಅಜಗಜಾಂತರ!" ಎಂದರು. ಕೆಂಪು ದಾರದ ಗುಟ್ಟು ಬಯಲಾಯಿತು. ಚಪ್ಪಾಳೆಯೋ ಚಪ್ಪಾಳೆ! ಅಂಗಡಿಯಿಂದ ತಂದು ರೂಮಿನಲ್ಲಿ ಪೇರಿಸಿಟ್ಟಿದ್ದ ಪೊಟ್ಟಣಗಳು ಒಂದೂ ಉಳಿಯದೆ ಮಾರಿಹೋದವು.

ಎಲ್ಲರೂ ಹೋದ ಮೇಲೆ ಪರಮಶಿವಯ್ಯನವರು ಈಜುವವರ ಹಾಗೆ ಕೈ ಬೀಸುತ್ತ ಅಡಿಗೆಮನೆಗೆ ಬಂದರು. "ನೋಡಿದ್ಯೇನೇ! ಎಲ್ಲಿ, ಕೆಂಪು ಕೂಜದ್ದು ಒಂದು ತೊಟ್ಟು ಉಳಿದಿದ್ರೆ ಬಗ್ಗಿಸು."

"ಕೆಂಪಾದ್ರೇನು, ಹಸಿರಾದ್ರೇನು?" ಎಂದು ಜಯದೇವಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. "ಎರಡೂ ನಂದಿಶೃಂಗವೇ."

ಪರಮಶಿವಯ್ಯನವರು ಒರಳುಕಲ್ಲಿನ ಮೇಲೆ ಕುಸಿದು ಕೂತರು.

"ನಿಮ್ಮ ಪುಡೀದೂ ಡಿಕಾಕ್ಷನ್ ಇಳಿಸಿದೆ ಕಣ್ರೀ. ಪರಮಾತ್ಮನಾಣೆಗೂ ಇಳಿಸಿದೆ. ನೋಡಿದ್ರೆ ಕೊಚ್ಚೆ ಬಗ್ಗಡ! ಮನೆಗೆ ಬಂದ ಹತ್ತೊಂಬತ್ತು ಜನಕ್ಕೆ ನನ್ನ ಕೈಯಾರೆ ಅದನ್ನ ಕೊಡಲಾ? ಬಚ್ಚಲಿಗೆ ಸುರಿದೆ."

"ಅಯ್ಯೋ, ನನ್ನ ಮಾನ ಹರಾಜು ಹಾಕಿದ್ಯಲ್ಲೇ! ನಾಳೆ ಅವರೆಲ್ಲ ಮನೇಲಿ ಕಾಫಿ ಮಾಡ್ತಾರೆ!"

"ನಿಮ್ಮ ಸಂಘದ ಹೆಸರು ಹೋದ್ರೆ ಇನ್ನೊಂದು ಹೆಸರಿಟ್ಕೊಂಡು ಶುರುಮಾಡಬಹುದು. 'ಜಯದೇವಮ್ಮನ ಮನೇಲಿ ಕಾಫಿ ಚೆನ್ನಾಗಿರಲ್ಲ' ಅಂತ ಒಂದು ಸಲ ಹೆಸರು ಬಂದ್ರೆ ಏಳು ಜನ್ಮಕ್ಕೂ ಹೋಗಲ್ಲ ತಿಳ್ಕೊಳಿ."

ಮಾರನೆಯ ಬೆಳಗ್ಗೆ ಏಳು ಗಂಟೆಗೇ ಗೇಟು ಕಿರ್ರೆಂದಿತು. ಕಿಟಕಿಯಲ್ಲಿ ನೀಲಗಂಗಮ್ಮನವರ ತಲೆ ಕಂಡದ್ದೇ ತಡ, ಪರಮಶಿವಯ್ಯನವರು ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡರು. ಕಿವಿ ಮಾತ್ರ ಬಾಗಿಲಿಗೆ ಅಂಟಿತ್ತು.

"ಜಯದೇವಮ್ಮಾ, ನಿನ್ನೆ ಪುಡೀಲಿ ಕಾಫಿ ಮಾಡಿದೆ ಕಣ್ರೀ. ಬಾಯಿಗಿಡೋಕಾಗಲಿಲ್ಲ. ನಮ್ಮ ಯಜಮಾನ್ರು ಲೋಟ ಕುಕ್ಕಿ ಏನಂದ್ರು ಗೊತ್ತಾ? 'ಪುಡಿ ಅದೇ, ಕೈ ಅದಲ್ಲ' ಅಂದ್ರು. ಅದು ಹೆಂಗೆ ಮಾಡ್ತೀರಿ, ನನಗೂ ಸ್ವಲ್ಪ ಹೇಳಿಕೊಡಿ ಪುಣ್ಯಾತ್ಗಿತ್ತಿ."

ಬಚ್ಚಲ ಬಾಗಿಲು ಧಡಾರನೆ ತೆರೆಯಿತು. "ಅದೇ ನೋಡಿ ಕೈಗುಣ!" ಎಂದು ಪರಮಶಿವಯ್ಯನವರು ಒದ್ದೆ ಟವಲಿನಲ್ಲೇ ಪ್ರತ್ಯಕ್ಷರಾದರು. "ಪುಡಿ ಅಪ್ಪಟ. ಅದಕ್ಕೆ ತಕ್ಕ ಕೈ ಬೇಕು ಅಷ್ಟೇ!"

ಆ ಹೊತ್ತಿನಿಂದ ಅವರಿಗೆ ಹಿಡಿದ ಹುಚ್ಚನ್ನು ಏನೆಂದು ಹೇಳಲಿ! ಯಾರಾದರೂ ಪೊಟ್ಟಣ ಹಿಂದಕ್ಕೆ ತರುವ ಮುಂಚೆ ತಾವೇ ಅವರ ಮನೆಗೆ ಹೋಗಿ ಕೂರುತ್ತಿದ್ದರು. "ಕಾಫಿ ಸರಿಬರಲಿಲ್ಲವೇ? ಕೈಗುಣ ಸ್ವಾಮಿ. ನಮ್ಮ ಜಯನ ಕೈಗೆ ಮಣ್ಣು ಕೊಟ್ರೂ ಕಾಫಿಯಾಗುತ್ತೆ!" ಸ್ವಂತ ಹೆಂಡತಿಯನ್ನು ಹತ್ತು ವರ್ಷದಲ್ಲಿ ಹೊಗಳದಷ್ಟು ಹತ್ತು ದಿನದಲ್ಲಿ ಹೊಗಳಿದರು. ಗಂಡಸರು ತಮ್ಮ ತಮ್ಮ ಹೆಂಡಿರನ್ನು, "ಹೋಗಿ ಕಲಿತ್ಕೊಂಡು ಬಾ" ಎಂದು ಅಟ್ಟಿದರು. ಮಧ್ಯಾಹ್ನವಾದರೆ ಆರೇಳು ಹೆಂಗಸರು ಫಿಲ್ಟರಿನ ಸುತ್ತ ಕೂರುತ್ತಿದ್ದರು. ಗಂಡನ ಮುಖ ಉಳಿಸುವುದಕ್ಕೆ ಜಯದೇವಮ್ಮ ನಂದಿಶೃಂಗವನ್ನು ಸಂಘದ ಪೊಟ್ಟಣಕ್ಕೆ ಸುರಿದಿಟ್ಟುಕೊಂಡು ಪಾಠ ಹೇಳುತ್ತಿದ್ದರು.

"ರೀ, ಇದು ಅತಿಯಾಯ್ತು. ಸುಮ್ಮನಾಗಿ," ಎಂದು ಒಂದು ದಿನ ಎಚ್ಚರಿಸಿದರು.

"ಸುಮ್ಮನಿರೇ. ಕುರ್ಚಿ ಉಳೀತು!"

ಸರ್ವಸದಸ್ಯರ ಸಭೆಯ ದಿನ ಪರಮಶಿವಯ್ಯನವರು ಇಸ್ತ್ರಿ ಮಾಡಿದ ಕೋಟು ತೊಟ್ಟು ಮುಂದಿನ ಸಾಲಿನಲ್ಲಿ ಕೂತರು. ಸುದ್ದಿ ಹಬ್ಬಿ, ಅಂಗಡಿಯಲ್ಲೂ ಒಂದು ಪೊಟ್ಟಣ ಉಳಿದಿರಲಿಲ್ಲ. ಒಂದು ದೂರೂ ಬಂದಿರಲಿಲ್ಲ. ಡೈರೆಕ್ಟರುಗಳ ಚುನಾವಣೆ ಬಂತು. ಸೇತುರಾಮಯ್ಯ ಗಂಟಲು ಸರಿಮಾಡಿಕೊಂಡು ಎದ್ದರು.

"ಪರಮಶಿವಯ್ಯನೋರ ಮಾತನ್ನ ಜನ್ಮದಲ್ಲಿ ಮೊದಲನೇ ಸಲ ಒಪ್ತಾ ಇದೀನಿ. ಪುಡೀಲಿ ಏನೂ ಇಲ್ಲ, ಎಲ್ಲ ಕೈಯಲ್ಲಿದೆ ಅಂತ ಮನೆಮನೆ ಹತ್ತಿ ಇಳಿದು ಅವರೇ ಹೇಳಿದಾರೆ. ಹಾಗಿದ್ಮೇಲೆ ಕೈ ಇರೋರು ಕಮಿಟಿಗೆ ಬರಲಿ, ಬಾಯಿ ಇರೋರು ಮನೇಲಿರಲಿ. ಅವರ ಜಾಗಕ್ಕೆ ಜಯದೇವಮ್ಮನವರ ಹೆಸರು ಸೂಚಿಸ್ತೀನಿ."

"ಅವಳು ಸದಸ್ಯಳೇ ಅಲ್ಲ..." ಎಂದು ಏಳಹೋದ ಪರಮಶಿವಯ್ಯನವರು ಅರ್ಧಕ್ಕೇ ನಿಂತರು. ಹೋದ ವರ್ಷ ತಮಗೆ ಎರಡು ಓಟು ಬೀಳಲಿ ಎಂದು ಹೆಂಡತಿಯ ಹೆಸರಿಗೆ ಷೇರು ತೆಗೆದವರು ಅವರೇ.

"ಅನುಮೋದನೆ!" ಎಂದು ನೀಲಗಂಗಮ್ಮ ಕೂಗಿದರು. ಹೆಂಗಸರ ಕೈಗಳೆಲ್ಲ ಬಳೆ ಸದ್ದಿನೊಡನೆ ಮೇಲೆದ್ದವು. ಗಂಡಸರು ಹೆಂಡಿರ ಮುಖ ನೋಡಿ ಎತ್ತಿದರು. ಕೊನೆಗೆ ಎಲ್ಲರ ಕಣ್ಣೂ ಪರಮಶಿವಯ್ಯನವರ ಮೇಲೆ ಬಿದ್ದಾಗ ಅವರೂ ನಿಧಾನವಾಗಿ ಕೈ ಎತ್ತಬೇಕಾಯಿತು.

ಹೊಸ ಕಮಿಟಿಯ ಮೊದಲ ಸಭೆ ಜಯದೇವಮ್ಮನವರ ಮನೆಯಲ್ಲೇ ನಡೆಯಿತು. ಸಂಘದ ಕಾಫಿಪುಡಿ ಮುಂದುವರಿಸಬೇಕೇ ಬೇಡವೇ ಎಂಬುದು ಅಂದಿನ ವಿಷಯ. ಅವರು ಕುರ್ಚಿಯಲ್ಲಿ ಕೂತು ಅಡಿಗೆಮನೆಯ ಕಡೆ ತಿರುಗಿ, "ರೀ, ಐದು ಲೋಟ ಕಾಫಿ" ಎಂದರು.

ಪರಮಶಿವಯ್ಯನವರು ಒಲೆಯ ಮುಂದೆ ನಿಂತರು. ಹಲಗೆಯ ಮೇಲೆ ಒಂದು ಕಡೆ ಅವರೇ ಕೊಂಡಿದ್ದ, ಒಳಗೂ ಸಂಘದ ಪುಡಿಯೇ ಇದ್ದ ಪೊಟ್ಟಣ, ಇನ್ನೊಂದು ಕಡೆ ನಂದಿಶೃಂಗದ ಡಬ್ಬಿ. ಕುಡೀಲಿ ನನ್ಮಕ್ಕಳು, ಅದರಲ್ಲೂ ಆ ಸೇತುರಾಮಯ್ಯ ಎರಡು ಲೋಟ ಕುಡೀಲಿ ಎಂದು ಪೊಟ್ಟಣಕ್ಕೆ ಕೈ ಹಾಕಿದರು. ನಡುಮನೆಯಿಂದ ನಗುವಿನ ಸದ್ದು ಕೇಳಿಸಿತು. ಎಷ್ಟಾದರೂ ಮನೆಗೆ ಬಂದವರು. ತಮ್ಮ ಕೈಯಾರೆ ಆ ಬಗ್ಗಡ ಕೊಡುವುದೇ? ಮನಸ್ಸು ಬರಲಿಲ್ಲ. ಪೊಟ್ಟಣ ಬಿಟ್ಟು, ನಂದಿಶೃಂಗವನ್ನು ಧಾರಾಳವಾಗಿ ನಾಲ್ಕು ಚಮಚ ಸುರಿದು, ಗಟ್ಟಿ ಹಾಲು ಹಾಕಿ, ನೊರೆ ಬರಿಸಿ ತಂದಿಟ್ಟರು.

ತಿಮ್ಮರಾಯಪ್ಪನವರು ಒಂದು ಗುಟುಕು ಹೀರಿದರು. ಕಣ್ಣು ಮುಚ್ಚಲಿಲ್ಲ.

"ನಮ್ಮ ಸಂಘದ ಪುಡಿನೇ ತಾನೇ?"

ಆ ಪುಡಿಯ ಜನಕ ಏನು ಹೇಳಬೇಕು! "ಹೌದು," ಎಂದರು ಪರಮಶಿವಯ್ಯ.

"ಗೊತ್ತಾಯ್ತು. ಪುಡಿ ಒಳ್ಳೇದೇ ಇದೆ. ಇನ್ನೂ ಮುನ್ನೂರು ಪೊಟ್ಟಣ ಕಟ್ಟಿಸೋಣ ಬಿಡಿ. ಆದ್ರೆ ನಿಮ್ಮ ಕೈ ಆಗಿಬರಲ್ಲ ಕಣಪ್ಪಾ. ಎಂಥದೋ ಬಗ್ಗಡ ಕುಡಿದಂಗಿದೆ."

"ಥೇಟು ಬಗ್ಗಡ," ಎಂದರು ಸೇತುರಾಮಯ್ಯ.

ಪರಮಶಿವಯ್ಯನವರು ಹೆಂಡತಿಯ ಮುಖ ನೋಡಿದರು. ಜಯದೇವಮ್ಮ ತಮ್ಮ ಲೋಟ ಹೀರಿ, ಅದು ಯಾವ ಪುಡಿ ಎಂದು ತಿಳಿದು, ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಡೈರೆಕ್ಟರಿಗೆ ತಕ್ಕ ಗಾಂಭೀರ್ಯದಿಂದ ಹೇಳಿದರು:

"ಕಲೀತಾರೆ ಬಿಡಿ. ನಾಳೆಯಿಂದ ದಿನಾ ಅವರ ಕೈಯಲ್ಲೇ ಮಾಡಿಸ್ತೀನಿ."